ಕಿಟಕಿಯೊಳಗೆ ಒಗೆದ ಶಲ್ಯ

ಮೊನ್ನೆ ಅಥಣಿಯ ನಮ್ಮ ಮನೆಗೆ ಹೊಸ ಕಿಟಕಿಗಳು ಬಂದವು. ಹಳೆಯವು ಸಾಗವಾನಿ ಕದದವು. ಮಳೆಗಾಲದಲ್ಲಿ ಉಬ್ಬಿಕೊಂಡು ಮುಚ್ಚಲು ಒಲ್ಲೆನ್ನುತ್ತಿದ್ದವು, ಬೇಸಿಗೆಯಲ್ಲಿ ಸೊರಗಿ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಒಟ್ಟಿನಲ್ಲಿ ನಮ್ಮ ಮಾತು ಕೇಳಿದ್ದು ಕಡಿಮೆ. ಈಗಿನವು ಪಕ್ಕಕ್ಕೆ ಸರಿಯುವ ಗಾಜಿನವು. ಮಿರಜದಿಂದ ಬಂದ ಮಿಸ್ತ್ರಿ ಮೊದಲ ಗಾಜನ್ನು ಚೌಕಟ್ಟಿನೊಳಗೆ ಕೂರಿಸಿ, ಒಮ್ಮೆ ಆಚೆ ಒಮ್ಮೆ ಈಚೆ ನೂಕಿ, "ನೋಡ್ರಿ ಬಾಯಿ, ಹೆಂಗ ಓಡತೈತಿ" ಅಂದ. ಘರ್ರ್ ಎಂದು ಸದ್ದಾಯಿತು. ಅಡುಗೆಮನೆಯಲ್ಲಿ ಜುಣಕಕ್ಕೆ ಕಡಲೆಹಿಟ್ಟು ಕಲಸುತ್ತಿದ್ದ ನಾನು, ಬಸ್ಸು ಬಂತೇನೋ ಎಂದು ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟೆ.

ನಗಬೇಡಿ. ಕೆಂಪು ಬಸ್ಸಿಗಾಗಿ ಬಿಸಿಲಲ್ಲಿ ಕಾದು ನಿಂತವರಿಗೆ ಆ ಸದ್ದು ಗೊತ್ತು. ಒಂದೊಂದು ಕಿಟಕಿಗೆ ಎರಡೆರಡು ಗಾಜು, ಒಂದರ ಹಿಂದೆ ಒಂದು. ಒಂದು ಸರಿಯುತ್ತಿತ್ತು, ಇನ್ನೊಂದು ಬಸ್ಸು ಹುಟ್ಟಿದಂದಿನಿಂದ ಜಾಗ ಬಿಟ್ಟು ಕದಲಿದ್ದಿಲ್ಲ. ಯಾವುದು ಸರಿಯುತ್ತದೆ, ಯಾವುದು ಸರಿಯುವುದಿಲ್ಲ ಎಂಬುದು ಹೊರಗೆ ನಿಂತವನಿಗೆ ಕಣ್ಣಳತೆಯಲ್ಲೇ ತಿಳಿಯಬೇಕು. ಏಕೆಂದರೆ ನಮ್ಮ ಕಡೆ ಬಸ್ಸಿನ ಕಿಟಕಿ ಇರುವುದು ಗಾಳಿಗಲ್ಲ, ಸೀಟು ಹಿಡಿಯಲಿಕ್ಕೆ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗಿಕೊಳ್ಳುತ್ತಿದ್ದಂತೆ ಜೊತೆಗೆ ಓಡುತ್ತ, ಅಂಗೈಯಿಂದ ಗಾಜು ಸರಿಸಿ, ಹೆಗಲ ಮೇಲಿನ ಬಟ್ಟೆಯನ್ನು ಒಳಗಿನ ಸೀಟಿನ ಮೇಲೆ ಬೀಸಿ ಒಗೆದರೆ ಮುಗಿಯಿತು. ಆಮೇಲೆ ನೀವು ಬಾಗಿಲಲ್ಲಿ ಗುದ್ದಾಡಿ, ನಿಧಾನಕ್ಕೆ ಹತ್ತಿ ಬಂದರೂ ಆ ಸೀಟು ನಿಮ್ಮದೇ.

ಇದಕ್ಕೆ ಬರೆದಿಟ್ಟ ಕಾಯ್ದೆ ಇಲ್ಲದಿದ್ದರೂ ಕಾಯ್ದೆ ಇತ್ತು. ಕರ್ಚೀಫಿಗೆ ಬಲ ಕಡಿಮೆ; ಯಾರಾದರೂ ಗಟ್ಟಿಗರು ಬಂದರೆ ಅದನ್ನು ಎತ್ತಿ ಕಿಟಕಿಯ ಸಂದಿಗೆ ಸಿಕ್ಕಿಸಿ ಕೂತುಬಿಡುತ್ತಿದ್ದರು. ಚೀಲಕ್ಕೆ ಜಗಳವಾಡಬಹುದು. ಪೇಪರ್ ಒಗೆದವನನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಅದನ್ನು ಓದಿ ಮುಗಿಸಿ ಅವನ ಕೈಗೇ ಕೊಡುತ್ತಿದ್ದರು. ಟಾವೆಲ್ಲಿಗೆ ಮರ್ಯಾದೆ, ಶಲ್ಯಕ್ಕೆ ಇನ್ನೂ ಹೆಚ್ಚು. ಎಲ್ಲಕ್ಕಿಂತ ಭದ್ರವಾದದ್ದು ಕೂಸು. ಕಿಟಕಿಯಿಂದ ಕೂಸನ್ನೇ ಒಳಗೆ ಇಳಿಬಿಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ; ಪಕ್ಕದ ಸೀಟಿನವರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾಯಿ ಬರುವತನಕ ಶೇಂಗಾ ತಿನ್ನಿಸುತ್ತಿದ್ದರು.

ಶಲ್ಯ ಅಂದೆ. ನಮ್ಮ ತವರು ಜುಗೂಳ, ಕೃಷ್ಣೆಯ ದಂಡೆ. ಅಲ್ಲಿ ನನ್ನ ಅಪ್ಪನ ಹೆಗಲ ಮೇಲೊಂದು ಬಿಳಿಯ ಶಲ್ಯ ಇರುತ್ತಿತ್ತು. ಅದರ ಹೆಸರು ಹೊತ್ತಿಗೊಂದು. ನಡುವಿಗೆ ಬಿಗಿದರೆ ನಡುಕಟ್ಟು. ಹೊಳೆ ಏರಿದಾಗ ಪಂಪು ಎತ್ತಲು ಅಪ್ಪ ಹಾಗೆ ಬಿಗಿದುಕೊಂಡೇ ನೀರಿಗೆ ಇಳಿಯುತ್ತಿದ್ದ. ತಲೆಗೆ ಸುತ್ತಿದರೆ ರುಮಾಲು. ಮಡಚಿ ನೆತ್ತಿಯ ಮೇಲಿಟ್ಟು ಮೇವಿನ ಹೊರೆ ಹೊತ್ತರೆ ಸಿಂಬಿ. ಮನೆಗೆ ಬಂದು ಅದನ್ನು ಕಿಟಕಿಯ ಸರಳಿಗೆ ಹಾಕಿದನೆಂದರೆ, ಅಪ್ಪ ಒಳಗಿದ್ದಾನೆ ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಮಾತಿಗೆ ಕೂತರೆ ಏಳದಂಥ ಆಸಾಮಿಗಳು ಬರುವ ಹೊತ್ತಿಗೆ ಅವ್ವ ಮೆಲ್ಲಗೆ ಅದನ್ನು ಸರಳಿನಿಂದ ತೆಗೆದು ಒಳಗಿಟ್ಟುಬಿಡುತ್ತಿದ್ದಳು. ಬಂದವರು ಕಿಟಕಿ ನೋಡಿ ಹಾಗೆಯೇ ಮುಂದೆ ಹೋಗುತ್ತಿದ್ದರು.

ಈಗ ಬಟ್ಟೆಗಳೂ ಆಲಸಿಗಳಾಗಿವೆ. ನಮ್ಮ ಮೊಮ್ಮಗಳು ಶಾಲೆಯಲ್ಲಿ ಲೀಡರ್ ಆದಳಂತೆ. ಹೆಗಲಿನಿಂದ ನಡುವಿನತನಕ ಓರೆಯಾಗಿ ಒಂದು ಹೊಳೆಯುವ ಪಟ್ಟಿ ಹಾಕಿ ಮನೆಗೆ ಕಳಿಸಿದ್ದರು.

"ಇದರಲೆ ಏನ ಮಾಡ್ತಿ ಬೇ?" ಅಂತ ಕೇಳಿದೆ.

"ಏನೂ ಮಾಡೂದಿಲ್ಲ ಆಯಿ. ಹಾಕ್ಕೊಂಡ ನಿಂದ್ರೂದು ಅಷ್ಟ."

ಮುಟ್ಟಿ ನೋಡಿದೆ. ಬೆವರೊರೆಸಲೂ ಬಾರದ ಬಟ್ಟೆ. ಆದರೂ ಹುಡುಗಿ ಅವತ್ತು ಊಟಕ್ಕೂ ಅದನ್ನು ತೆಗೆಯಲಿಲ್ಲ. ಮೈಮೇಲೆ ಅಡ್ಡಲಾಗಿ ಒಂದು ಪಟ್ಟಿ ಬಿದ್ದರೆ ಮನುಷ್ಯರಿಗೆ ಬೆನ್ನು ತಾನೇ ನೆಟ್ಟಗಾಗುತ್ತದೆ, ಅದಂತೂ ನಿಜ.

ನಮ್ಮನಿಯವರ ವಿಷಯಕ್ಕೆ ಬರುತ್ತೇನೆ. ಅವರದು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಗಾಡಿ ತೂಗುವ ಕೆಲಸ. ದಿನಾ ಬೆಳಿಗ್ಗೆ ಅಥಣಿಯಿಂದ ಬಸ್ಸು, ಸಂಜೆ ತಿರುಗಿ ಬಸ್ಸು. ಹೀಗಾಗಿ ಕಿಟಕಿಯೊಳಗೆ ಬಟ್ಟೆ ಒಗೆಯುವುದರಲ್ಲಿ ಅವರ ಕೈ ಹಿಡಿಯುವವರಿರಲಿಲ್ಲ. ತಮಗೆ ಮಾತ್ರ ಅಲ್ಲ. ಗುರುತಿಲ್ಲದ ಮುದುಕಿ ಗಂಟು ಹೊತ್ತು ನಿಂತಿದ್ದರೂ ಓಡಿ ಹೋಗಿ ಟಾವೆಲ್ ಒಗೆದು, "ಆಯಿ, ಆ ಕಿಡಕಿ ಹಂತೇಲಿ ಕುಂಡರ್ರಿ" ಎಂದು ಹೇಳಿ ತಾವು ನಿಂತು ಹೋಗುತ್ತಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮದುವೆಯ ದಿನದವರೆಗೆ ನನಗೆ ಅವರ ಬಗ್ಗೆ ಗೊತ್ತಿದ್ದದ್ದು ಎರಡೇ: ಎತ್ತರ ಇದ್ದಾರೆ, ಮಾತು ಕಡಿಮೆ.

ನಮ್ಮ ಮದುವೆ ಜುಗೂಳದಲ್ಲಿ ಆಯಿತು. ಅಕ್ಷತೆ ಬಿದ್ದ ಮೇಲೆ ಮದುಮಗನ ಶಲ್ಯಕ್ಕೂ ಮದುಮಗಳ ಸೆರಗಿಗೂ ಗಂಟು ಹಾಕುತ್ತಾರಲ್ಲ, ನಮಗೂ ಹಾಕಿದರು. ಜರಿಯಂಚಿನ ಕೆನೆಬಣ್ಣದ ಶಲ್ಯ ಅದು, ಅವ್ವ ತಾನೇ ಅಂಗಡಿಗೆ ಹೋಗಿ ಆರಿಸಿ ತಂದದ್ದು. ಗಂಟಿನೊಳಗೆ ಅರಿಸಿನಕೊಂಬು, ಅಡಿಕೆ, ನಾಲ್ಕು ಕಾಳು ಅಕ್ಷತೆ. ಗಂಡನ ಮನೆಯ ಹೊಸ್ತಿಲು ದಾಟಿ ದೇವರ ಮುಂದೆ ಕೂರುವತನಕ ಅದನ್ನು ಬಿಚ್ಚುವಂತಿಲ್ಲ. ಊಟಕ್ಕೆ ಕೂತರೂ ಗಂಟು, ಎದ್ದರೂ ಗಂಟು. ಅವರು ಕೈ ತೊಳೆಯಲು ಎದ್ದರೆ ನಾನೂ ಹಿಂದೆ ಹೋಗಬೇಕು. ಊಟವೆಂದರೂ ಅದೇನು ಊಟ? ಗಂಡನ ಹೆಸರು ಹೇಳು, ಒಡಪು ಹಾಕು ಎಂದು ಸುತ್ತ ನಿಂತವರು ಪೀಡಿಸಿ, ನನ್ನ ಹೊಟ್ಟೆಗೆ ಹೋದದ್ದು ಒಂದು ತುಂಡು ಹೋಳಿಗೆ.

ಗಂಡಿನ ಕಡೆಯ ಮಂದಿಯೆಲ್ಲ ಟೆಂಪೋಗಳಲ್ಲಿ ಮುಂದೆ ಹೋದರು, ನಮ್ಮನ್ನು ಮನೆ ತುಂಬಿಸಿಕೊಳ್ಳುವ ತಯಾರಿಗೆ. ಹಿಂದೆ ಜೀಪಿನಲ್ಲಿ ನಾವು ಮೂವರು: ಇವರು, ನಾನು, ನಮ್ಮ ಅತ್ತೆ. ಮೇಲೆ ನನ್ನ ಟ್ರಂಕು. ಜೀಪು ಕಾಗವಾಡದ ಸ್ಟ್ಯಾಂಡಿನ ತನಕ ಬಂದು ಕೆಮ್ಮಿ ನಿಂತಿತು. ಡ್ರೈವರ್ ಕೆಳಗೆ ತೂರಿ, ಎಣ್ಣೆ ಮೆತ್ತಿದ ಮುಖ ಹೊರಗೆ ತೆಗೆದು, ಇದು ಇವತ್ತಿಗೆ ಏಳುವುದಲ್ಲ ಎಂದ. ಹೊತ್ತು ಇಳಿಯುತ್ತಿತ್ತು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಅಥಣಿ ಮುಟ್ಟಿದರೆ ತಾಟು, ಇಲ್ಲದಿದ್ದರೆ ಬೆಳಗಿನತನಕ ಉಪವಾಸ. "ಬಸ್ಸಿಗೆ ಹೋಗೂಣು" ಎಂದರು ಅತ್ತೆ.

ಸ್ಟ್ಯಾಂಡಿನಲ್ಲಿ ಜನವೋ ಜನ. ಲಗ್ನದ ಸುಗ್ಗಿ, ದ್ರಾಕ್ಷಿಯ ಸುಗ್ಗಿ, ಎರಡೂ ಒಟ್ಟಿಗೆ. ನಾನು ಒಂಬತ್ತುವಾರಿ ಸೀರೆ, ಹೊಸ ಕಾಲುಂಗುರ, ಹಣೆಗೆ ಬಾಸಿಂಗ ಕಟ್ಟಿಕೊಂಡು ನಿಂತಿದ್ದೆ. ಇಡೀ ಸ್ಟ್ಯಾಂಡು ನನ್ನನ್ನು ನೋಡುತ್ತಿತ್ತು, ನಾನು ನೆಲ ನೋಡುತ್ತಿದ್ದೆ. ಅಷ್ಟರಲ್ಲಿ ಬಸ್ಸು ಬಂತು, ಮುಂದೆ 'ಅಥಣಿ' ಎಂಬ ಬೋರ್ಡು. ಜನ ಎದ್ದು ನುಗ್ಗಿತು. ಆಮೇಲೆ ಆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ನನ್ನ ಸೆರಗು ಒಮ್ಮೆ ಜಗ್ಗಿತು, ಸಡಿಲಾಯಿತು. ಮೂವರು ಮುತ್ತೈದೆಯರು ಸೇರಿ ಕಟ್ಟಿದ್ದ ಗಂಟನ್ನು ಇವರು ಬಿಚ್ಚಿ, ಬಾಸಿಂಗ ತೂಗಾಡಿಸುತ್ತ ಓಡಿ, ಗಾಜು ಸರಿಸಿ ಶಲ್ಯವನ್ನು ಒಳಗೆ ಒಗೆದಿದ್ದರು. ಅಡಿಕೆ, ಅರಿಸಿನಕೊಂಬು ನನ್ನ ಕಾಲ ಬಳಿ ಉರುಳಿದವು.

ಕಂಡಕ್ಟರ್ ಕೆಳಗಿಳಿದು, ಅಥಣಿ ಬಿಡುವಾಗ ಮರೆತಿದ್ದ ಬೋರ್ಡನ್ನು ಈಗ ತಿರುಗಿಸಿದ. ಹಿಂದೆ 'ಮಿರಜ' ಎಂದಿತ್ತು. ಬಸ್ಸು ಅಥಣಿಗೆ ಹೋಗುವುದಲ್ಲ, ಅಥಣಿಯಿಂದ ಬಂದದ್ದು. ಬಾಗಿಲಲ್ಲಿ ಜನ ಜೇನಿನಂತೆ ಕಟ್ಟಿತ್ತು. ಇವರು ಹತ್ತಲೂ ಆಗದೆ, ಶಲ್ಯ ಎಳೆಯಲೂ ಸಿಗದೆ, "ಏ ತಡೀರಿ, ತಡೀರಿ" ಎನ್ನುವುದರೊಳಗೆ ಬಸ್ಸು ಗಡಿಯ ಕಡೆ ಹೊರಟೇಹೋಯಿತು. ಮದುಮಗ ಬಸ್ಸಿನ ಹಿಂದೆ ಓಡುವುದನ್ನು ಕಾಗವಾಡದ ಮಂದಿ ಅವತ್ತು ಮನಸ್ಸು ತುಂಬ ನೋಡಿದರು. ಬಸ್ಸು ಕಂಡರೆ ನಮ್ಮನಿಯವರ ಕೈ ನಿಲ್ಲುವುದಿಲ್ಲ, ಲಗ್ನದ ಗಂಟನ್ನೂ ಬಿಚ್ಚಿ ಸೀಟು ಹಿಡಿದ ಗಂಡಸು ಎಂದು ನಾನು ಇದನ್ನು ಎಷ್ಟೋ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಆದರೆ ಅವತ್ತು ನಗು ಬರಲಿಲ್ಲ.

ಅತ್ತೆ ನನ್ನ ಬರಿ ಸೆರಗು ನೋಡಿದರು, ಮಗನ ಬರಿ ಹೆಗಲು ನೋಡಿದರು.

"ಗಂಟ ಬಿಚ್ಚಿದ್ಯಾ?" ಅಂದರು.

"ಅವ್ವಾ, ಅಥಣಿ ಬೋರ್ಡ್ ಇತ್ತ..."

"ಹೊಸ್ತಲಾ ದಾಟೂ ತನಾ ಬಿಚ್ಚಬಾರದಂತ ಕೂಸಿಗೂ ಗೊತ್ತೈತಿ. ನಿನಗ ಗೊತ್ತಿಲ್ಲ."

ಇವರು ಇನ್ನೊಂದು ಟಾವೆಲ್ ಕೊಂಡು ಗಂಟು ಹಾಕೋಣ ಎಂದರು. ಹಾಗೆ ಅಂದದ್ದು ಇನ್ನೂ ತಪ್ಪಾಯಿತು.

"ಅಕ್ಷತಾ ಬಿದ್ದದ್ದು ಆ ಶೆಲ್ಯಾದ ಮ್ಯಾಲ. ಅದ ಬೇಕು. ಗಂಟಿಲ್ಲದ ಸೊಸಿನ್ನ ಕರಕೊಂಡ ಹೋದ್ರ ಆರತಿ ಹಿಡಕೊಂಡ ನಿಂತಾವ್ರು ಏನಂತಾರ? ನನಗ ಅನ್ನೂದಿಲ್ಲ, ಈಕಿಗಿ ಅಂತಾರ."

ಅವರು ಬೈದದ್ದು ಮಗನನ್ನು, ನಡುಗಿದ್ದು ನಾನು. ಏಕೆಂದರೆ ಅವರು ಹೇಳಿದ್ದು ಸುಳ್ಳಲ್ಲ. ಸೊಸೆ ಬರುವ ದಾರಿಯಲ್ಲೇ ಗಂಟು ಬಿಚ್ಚಿತಂತೆ, ಈಕೆಯ ಕಾಲ್ಗುಣ ಹೀಗೆ ಎಂದು ಒಬ್ಬರು ಅಂದರೆ ಸಾಕು. ಆಮೇಲೆ ಆ ಮನೆಯಲ್ಲಿ ಹಾಲು ಒಡೆದರೂ ನನ್ನ ಕಾಲ್ಗುಣ, ಎಮ್ಮೆ ಒದ್ದರೂ ನನ್ನ ಕಾಲ್ಗುಣ. ಹೊಸ ಮನೆಗೆ ಕಾಲಿಡುವ ಮೊದಲೇ ನನ್ನ ಹೆಸರು ಕೆಡುವುದಿತ್ತು. ನೆಲಕ್ಕೆ ಬಿದ್ದ ಅಡಿಕೆಯನ್ನೂ ಅರಿಸಿನಕೊಂಬನ್ನೂ ಆರಿಸಿಕೊಂಡು ಮುಷ್ಟಿಯಲ್ಲಿ ಬಿಗಿಹಿಡಿದೆ. ಅವ್ವನ ನೆನಪಾಗಿ ಅಳು ಬಂತು.

ಮಿರಜಕ್ಕೆ ಹೋದ ಬಸ್ಸು ತಿರುಗಿ ಬರುವತನಕ ಕಾಯುವುದೊಂದೇ ದಾರಿ. ಅತ್ತೆ ನನ್ನ ಟ್ರಂಕಿನ ಮೇಲೆ, ನಮ್ಮತ್ತ ಬೆನ್ನು ಮಾಡಿ ಕೂತರು. ನಾನು ಕಲ್ಲುಬೆಂಚಿನ ಈ ತುದಿಗೆ, ಇವರು ಆ ತುದಿಗೆ. ನಡುವೆ ಇನ್ನೊಂದು ಸಂಸಾರ ಕೂರುವಷ್ಟು ಜಾಗ.

ಮೊದಲು ಬಾಯಿ ತೆರೆದವರು ಇವರೇ. ಹೊಸ ಹೆಂಡತಿಯ ಜೊತೆ ಮೊದಲ ಮಾತು ಏನಿರಬಹುದು, ಊಹಿಸಿ.

"ಜುಗೂಳದಾಗನೂ ಬಸ್ಸಿಗಿ ಹಿಂಗ ಗದ್ದಲ ಇರ್ತೈತೇನು?"

ನಾನು ಸೆರಗಿನ ಬರಿ ತುದಿಯನ್ನು ಬೆರಳಿಗೆ ಸುತ್ತತೊಡಗಿದೆ.

"ಸಿಟ್ಟ ಬಂದೈತೇನು? ಬಸ್ಸ ಬರ್ತೈತಿ. ರಾತ್ರಿ ವಸ್ತಿ ಅಥಣ್ಯಾಗನ ಅದರದು."

ಆಗ ನಾನು ಅವರೊಡನೆ ಮೊದಲ ಸಲ ಮಾತಾಡಿದೆ. "ಬಸ್ಸ ಬರ್ತೈತ್ರಿ. ಶೆಲ್ಯಾ ಬರ್ತೈತೇನ್ರಿ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸೀಟಿನ ಮ್ಯಾಲ ಹಾಸೇತೆಲ್ಲ. ಹಾಸಿದ್ದ ಬಟ್ಟಿ ಯಾರ ಮುಟ್ತಾರ?"

ಜರಿಯಂಚಿನ ಹೊಸ ಶಲ್ಯ, ತುಂಬಿದ ಬಸ್ಸು, ಮಿರಜದಂಥ ಊರು. ಇವರು ಮಾತ್ರ ಅದನ್ನು ತಿಜೋರಿಯಲ್ಲಿಟ್ಟು ಬಂದವರ ಹಾಗೆ ಕೂತಿದ್ದಾರೆ. ಅಪ್ಪ ನನ್ನನ್ನು ನೋಡಿ ನೋಡಿ ಒಬ್ಬ ಭೋಳೆ ಮನುಷ್ಯನಿಗೆ ಕೊಟ್ಟನಲ್ಲ ಎಂದುಕೊಂಡೆ. ನಿಮ್ಮಾಣೆ, ಹಾಗೆಯೇ ಅಂದುಕೊಂಡೆ.

ಸೂರ್ಯ ಕಬ್ಬಿನ ಗದ್ದೆಯ ತುದಿಗೆ ಬಂದಿದ್ದ. ಇವರು ಆಕಾಶ ನೋಡಿದರು, ಎದ್ದರು, ಬುಟ್ಟಿಯವಳ ಬಳಿ ಹೋಗಿ ದ್ರಾಕ್ಷಿ ತೆಗೆದುಕೊಂಡು ನಲ್ಲಿಯಲ್ಲಿ ತೊಳೆದರು. ಮೊದಲು ಒಂದು ಗೊಂಚಲು ಅತ್ತೆಗೆ. ಅತ್ತೆ ಮುಖ ತಿರುಗಿಸಲಿಲ್ಲ, ಕೈ ಮಾತ್ರ ಹಿಂದೆ ಚಾಚಿ ಇಸಿದುಕೊಂಡರು. ಆಮೇಲೆ ನನ್ನ ಹತ್ತಿರ ಬಂದು, "ಲಗೂನ ತಿನ್ನು. ಹೊತ್ತ ಮುಳಗಾಕತ್ತೈತಿ. ಮುಂಜಾನಿಂದ ಏನೂ ತಿಂದಿಲ್ಲ ನೀ" ಅಂದರು.

ನಾನು ತಿಂದಿಲ್ಲ ಎಂಬುದನ್ನು ಇವರು ನೋಡಿಕೊಂಡಿದ್ದರು. ಅಷ್ಟು ಮಂದಿಯ ನಡುವೆ, ಒಡಪಿನ ಗದ್ದಲದಲ್ಲಿ, ಬೇರೆ ಯಾರೂ ನೋಡಿರಲಿಲ್ಲ. ನಾಚಿಕೆ ಬಿಟ್ಟು ತಿಂದೆ. ಮುಷ್ಟಿಯಲ್ಲಿ ಅಡಿಕೆ, ಅರಿಸಿನಕೊಂಬು ಇದ್ದುದರಿಂದ ಒಂದೇ ಕೈ ಬಿಡುವಿತ್ತು. ಗೊಂಚಲು ಹಿಡಿಯಲು ಆಗದೆ ಒದ್ದಾಡುತ್ತಿದ್ದುದನ್ನು ಕಂಡು, ಇವರೇ ಅದನ್ನು ಎತ್ತಿಹಿಡಿದು ಮುಖ ಆಚೆ ಮಾಡಿ ನಿಂತರು. ನಾನು ಒಂದೊಂದೇ ಕಾಳು ಕಿತ್ತು ತಿಂದೆ. ಅಂಥ ಸಿಹಿ ದ್ರಾಕ್ಷಿಯನ್ನು ಆಮೇಲೆ ನಮ್ಮದೇ ತೋಟದಲ್ಲೂ ಬೆಳೆದಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ.

ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಈ ಸಲ ಬೋರ್ಡೂ ನಿಜ, ದಿಕ್ಕೂ ನಿಜ. ಹೋಗುವಾಗಿನದಕ್ಕಿಂತ ಹೆಚ್ಚು ಜನ. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಇವರು ಸಾವಕಾಶವಾಗಿ ಅದೇ ಕಿಟಕಿಯ ಕೆಳಗೆ ಹೋಗಿ ನಿಂತರು. ಗಾಜು ಮುಚ್ಚಿತ್ತು. ಒಳಗಿನಿಂದ ಯಾರೋ ಅದನ್ನು ಸರಿಸಿದರು. ಕಾಯಿಪಲ್ಲೆಯ ಖಾಲಿ ಬುಟ್ಟಿ ಬಗಲಲ್ಲಿ ಹಿಡಿದ ಒಬ್ಬ ಮುದುಕಿ, ಸೀಟಿನ ಪಕ್ಕದಲ್ಲಿ ನಿಂತೇ, ಬಗ್ಗಿ ಹೊರಗೆ ನೋಡಿದಳು. ಬಾಸಿಂಗ ಕಂಡದ್ದೇ ಅವಳ ಮುಖ ಅರಳಿತು.

"ಘ್ಯಾ ಬಾಬಾ, ತುಮಚಾ ಶೇಲಾ" ಎಂದು ಮರಾಠಿಯಲ್ಲಿ ಹೇಳಿ, ನಾಜೂಕಾಗಿ ಮಡಚಿದ ಶಲ್ಯವನ್ನು ತೋರಿಸಿದಳು. ಆಮೇಲೆ ಕನ್ನಡದಲ್ಲಿ, "ಅರಿಷಿಣ ಹತ್ತೇತಿ, ಅಕ್ಷತಾ ಕಾಳ ಅದಾವು. ಲಗ್ನದ್ದು ಅಂತ ತಿಳೀತು. ಇದರ ಮ್ಯಾಲ ಹೆಂಗ ಕುಂಡರೂದ್ರಿ? ಗಾಳಿಗಿ ಹಾರೀತಂತ ಕಿಡಕಿ ಮುಚ್ಚೇನಿ" ಅಂದಳು.

ಕಂಡಕ್ಟರಿಗೆ ಮಾತ್ರ ತಲೆಬಿಸಿ. "ಯಾರದ್ರಿ ಈ ಶೆಲ್ಯಾ? ಹೋಗೂ ಮುಂದ ಮಂದಿ ನಿಂತ ಹೋದ್ರು, ಬರೂ ಮುಂದ ನಿಂತ ಬಂದ್ರು, ಈ ಸೀಟಿನಾಗ ಒಬ್ರೂ ಕುಂಡರಲಿಲ್ಲ. ಇದಕ್ಕ ಮಿರಜದ ಟಿಕೀಟ ತಗಸ್ತೀರೇನು?"

ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವರು ನಮ್ಮ ಅತ್ತೆ.

ಹೇಗೋ ನುಸುಳಿ ಹತ್ತಿದೆವು. ಆ ಸೀಟಿನಲ್ಲಿ ಅತ್ತೆ, ನಾನು, ನಮ್ಮಿಬ್ಬರ ನಡುವೆ ಎಳೆದು ಕೂರಿಸಿಕೊಂಡ ಆ ಮುದುಕಿ. ಇವರು ನಿಂತರು. ಬಸ್ಸು ಹೊರಟ ಮೇಲೆ ಅತ್ತೆ ಶಲ್ಯದ ತುದಿಯನ್ನು ನನ್ನ ಕೈಗೆ ಕೊಟ್ಟರು. "ಕಟ್ಟ. ನೀನ ಕಟ್ಟ. ಈ ಸಲ ಇಂವಗ ಬಿಚ್ಚಾಕ ಬರಬಾರದು, ಹಂಗ ಕಟ್ಟ." ಮುಷ್ಟಿ ಬಿಚ್ಚಿ ಅಡಿಕೆ, ಅರಿಸಿನಕೊಂಬು ಒಳಗಿಟ್ಟು, ಅಪ್ಪ ಕಬ್ಬಿನ ಹೊರೆಗೆ ಹಾಕುತ್ತಿದ್ದ ಗಂಟು ಹಾಕಿದೆ. ನಿಂತವರ ಹೆಗಲಿನಿಂದ ಕೂತವಳ ಸೆರಗಿಗೆ ಶಲ್ಯ ದಾರಿಗೆ ಅಡ್ಡಲಾಗಿ ಬಿಗಿದಿತ್ತು. ಅಥಣಿಯತನಕ ಕಂಡಕ್ಟರ್ ಅದರ ಕೆಳಗೆ ಬಗ್ಗಿ ಬಗ್ಗಿ ಟಿಕೀಟು ಕೊಟ್ಟ. ಮನೆಯಲ್ಲಿ ಆರತಿ ಎತ್ತಿದವರಿಗೆ ಗಂಟು ಕಂಡಿತು, ಬೇರೇನೂ ಕಾಣಲಿಲ್ಲ. ದೇವರ ಮುಂದೆ ಅದನ್ನು ಬಿಚ್ಚಲು ಕೂತ ನಾದಿನಿ ಕೊನೆಗೆ ಹಲ್ಲು ಹಚ್ಚಬೇಕಾಯಿತು.

ಇದಿಷ್ಟನ್ನೂ ಮೊನ್ನೆ ಮಿಸ್ತ್ರಿಗೆ ಜುಣಕ-ರೊಟ್ಟಿ ಬಡಿಸುತ್ತ ಹೇಳಿದೆ. ಎಂದಿನ ಹಾಗೆಯೇ ಹೇಳಿದೆ: ಬಸ್ಸು ಕಂಡರೆ ಇವರ ಕೈ ನಿಲ್ಲುವುದಿಲ್ಲ ಎಂದು. ಮಿಸ್ತ್ರಿ ನನ್ನ ವಯಸ್ಸಿನವನೇ, ಮಿರಜದ ಬಸ್ಸುಗಳಲ್ಲಿ ಜನ್ಮ ಕಳೆದವನು. ಕಣ್ಣಲ್ಲಿ ನೀರು ಬರುವಂತೆ ನಕ್ಕ. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಇವರ ಕಡೆ ತಿರುಗಿ, ಇಷ್ಟು ವರ್ಷ ಯಾರೂ ಕೇಳದ ಮಾತು ಕೇಳಿದ.

"ಅಲ್ರಿ ಕಾಕಾ, ಗಂಟ ಯಾಕ ಬಿಚ್ಚಿದ್ರಿ? ಹಂಗನ ಇಬ್ರೂ ಓಡಿ ಹೋಗಿ ಹತ್ತಬಹುದಿತ್ತೆಲ್ಲ."

ಇವರು ರೊಟ್ಟಿ ಮುರಿಯುತ್ತ, ಅದರಲ್ಲಿ ಹೇಳುವುದೇನಿದೆ ಎಂಬಂತೆ ಅಂದರು: "ಗಂಟ ಬಿಚ್ಚದ ಓಡಿದ್ರ ಈಕಿ ಬೀಳ್ತಿದ್ಲಪ್ಪ. ಒಂಬತ್ತವಾರಿ ಸೀರಿ, ಹೊಸಾ ಕಾಲುಂಗರ, ಹೊಟ್ಯಾಗ ಕೂಳಿಲ್ಲ. ನಾ ಜಗ್ಗಿದ್ರ ಅಷ್ಟು ಮಂದ್ಯಾಗ ಅಡ್ಡ ಬೀಳ್ತಿದ್ಲು."

ಮಿಸ್ತ್ರಿ ಹೌದು ಎಂದು ತಲೆಯಾಡಿಸಿ ಊಟಕ್ಕೆ ಬಗ್ಗಿದ. ನನ್ನ ಕೈಯಲ್ಲಿ ಜುಣಕದ ಸೌಟು ಹಾಗೆಯೇ ಇತ್ತು. ಇಷ್ಟು ವರ್ಷ, ಇಷ್ಟು ಮನೆಗಳಲ್ಲಿ, ಇಷ್ಟು ಮಂದಿಯ ಮುಂದೆ ಹೇಳಿದ್ದೇನೆ. ಪಕ್ಕದಲ್ಲೇ ಕೂತು ಇವರೂ ನಕ್ಕಿದ್ದಾರೆ.

"ಮತ್ತ ಒಮ್ಮೆರ ಹೇಳಬಾರದಿತ್ತೇನ್ರಿ ನನಗ?" ಅಂದೆ.

"ಯಾವಾಗ ಹೇಳ್ಲಿ? ನೀ ಹೇಳ್ತಿದ್ದಿ, ಮಂದಿ ನಗತಿದ್ರು, ನೀನೂ ನಗತಿದ್ದಿ" ಅಂದರು. "ನೀ ನಗೂದು ಛಂದ ಇರ್ತಿತ್ತು. ನಡುವ ಯಾಕ ಬಾಯಿ ಹಾಕ್ಲಿ?"